ಎರಡು ನೋಟಿಸುಗಳ ನಡುವೆ ದೋಣಿ ಅಕ್ಕನ ಎಡಗಿವಿ

ಮಾನ್ಯ ಕ್ರೀಡಾ ನಿರ್ದೇಶಕರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಮೊದಲ ವರ್ಷದ ವಿದ್ಯಾರ್ಥಿನಿ ನಿರ್ದೇಶಕರಿಗೆ ಪತ್ರ ಬರೆಯುವುದೇ ಅಧಿಕಪ್ರಸಂಗ, ಅದನ್ನು ಪತ್ರಿಕೆಗೆ ಕೊಡುವುದು ಶುದ್ಧ ತಲೆಹರಟೆ ಎಂದು ಅಮ್ಮ ಫೋನಿನಲ್ಲಿ ಹೇಳಿಯಾಗಿದೆ. "ಓದೋಕೆ ಹೋಗಿದೀಯ, ಓದು. ಊರ ಉಸಾಬರಿ ನಿನಗ್ಯಾಕೆ?" ಎಂದಳು. ಸಣ್ಣ ವಯಸ್ಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳು ನಾನು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಇದೆ, ಉಳಿದರ್ಧ ವಾರ್ಡನ್‌ಗೆ ಬರೆದ ರಜಾ ಅರ್ಜಿಗಳಿಂದ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ವಿಷಯದಲ್ಲಿ ತಿದ್ದುವುದಕ್ಕೇನೂ ಇಲ್ಲ. ತಮ್ಮ ಕಚೇರಿಯ ಎರಡು ನೋಟಿಸುಗಳ ನಡುವೆ ಸಿಕ್ಕಿ ನನ್ನ ರೂಮ್‌ಮೇಟ್, ನನ್ನ ಹಾಗೆಯೇ ಕ್ರೀಡಾ ಕೋಟಾದ ಈಜುಗಾರ್ತಿ, ಎಡಗಿವಿ ಕಳೆದುಕೊಂಡಿದ್ದಾಳೆ. ಈಗ ಅದೇ ಕಿವಿಯನ್ನು ನೆಪ ಮಾಡಿ ಅವಳ ಹಾಸ್ಟೆಲ್ ಸೀಟನ್ನೂ ಕಿತ್ತುಕೊಳ್ಳುತ್ತಿದ್ದೀರಿ. ತಿಂಗಳ ಕೊನೆಗೆ ಅವಳು ರೂಮ್ ಖಾಲಿ ಮಾಡಬೇಕಂತೆ. ಅವಳ ಮನೆ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದೂರ. ರೂಮ್ ಹೋದರೆ ಕೊನೆಯ ವರ್ಷದ ಪರೀಕ್ಷೆ ಹೋಯಿತು, ಪರೀಕ್ಷೆ ಹೋದರೆ ಡಿಗ್ರಿಯೂ ಹೋಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ಅವಳನ್ನು ನಾವೆಲ್ಲ ದೋಣಿ ಅಕ್ಕ ಅನ್ನುತ್ತೇವೆ. ತಮ್ಮ ಕಡತದಲ್ಲಿ ಬೇರೆ ಹೆಸರಿರುತ್ತದೆ. ಅಗಲ ಭುಜ, ಉದ್ದ ತೋಳು, ನೀರಿಗೆ ಬಿದ್ದರೆ ಸದ್ದಿಲ್ಲದೆ ಸಾಗುವ ಮೈ. ವಿಶ್ವವಿದ್ಯಾಲಯದ ಗಾಜಿನ ಬೀರುವಿನಲ್ಲಿರುವ ಈಜಿನ ಕಪ್‌ಗಳಲ್ಲಿ ದೊಡ್ಡವೆಲ್ಲ ಅವಳು ತಂದವು. ಬೀರುವಿನ ಬೀಗದ ಕೈ ತಮ್ಮ ಹತ್ತಿರವೇ ಇದೆ ಎಂದು ಕೇಳಿದ್ದೇನೆ, ಒಮ್ಮೆ ತೆಗೆದು ನೋಡಿ.

ಇನ್ನು ನೋಟಿಸುಗಳು. ಈಜುಕೊಳದ ಗಾಜಿನ ಬಾಗಿಲಿಗೆ ಅವೆರಡನ್ನೂ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕದಲ್ಲಿ ಅಂಟಿಸಿದ್ದೀರಿ. ಎಡಗಡೆಯದು ಹೇಳುತ್ತದೆ: ಕಿವಿ, ಕಣ್ಣು ಅಥವಾ ಚರ್ಮದ ಸೋಂಕು ಇರುವವರು ಕೊಳಕ್ಕೆ ಇಳಿಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಬಲಗಡೆಯದು ಹೇಳುತ್ತದೆ: ಕ್ರೀಡಾ ಕೋಟಾದಲ್ಲಿ ಹಾಸ್ಟೆಲ್ ಸೀಟು ಪಡೆದ ಈಜುಗಾರರು ಯಾವುದೇ ಕಾರಣಕ್ಕೆ ಸತತ ಒಂದು ವಾರ ಅಭ್ಯಾಸಕ್ಕೆ ಗೈರಾದರೆ ಸೀಟು ತಾನಾಗಿಯೇ ರದ್ದಾಗುತ್ತದೆ. 'ಯಾವುದೇ ಕಾರಣಕ್ಕೆ' ಎಂಬುದರ ಕೆಳಗೆ ದಪ್ಪ ಗೆರೆ ಎಳೆದಿದ್ದೀರಿ. ಎರಡರ ಕೆಳಗೂ ತಮ್ಮದೇ ಸಹಿ, ತಮ್ಮದೇ ಮೊಹರು. ಕಿವಿಯ ಸೋಂಕು ವಾಸಿಯಾಗಲು ವಾರಕ್ಕಿಂತ ಹೆಚ್ಚು ಬೇಕೆಂದು ಡಾಕ್ಟರುಗಳು ಹೇಳುತ್ತಾರೆ. ಹಾಗಾದರೆ ಕಿವಿ ನೋವು ಬಂದ ಹುಡುಗಿ ಏನು ಮಾಡಬೇಕು? ಇಳಿದರೆ ಎಡಗಡೆಯ ನೋಟಿಸು ಹಿಡಿಯುತ್ತದೆ, ಇಳಿಯದಿದ್ದರೆ ಬಲಗಡೆಯದು. ಅತ್ತ ದರಿ, ಇತ್ತ ಪುಲಿ, ನಡುವೆ ಈಜುಡುಗೆ ತೊಟ್ಟು ನಡುಗುತ್ತ ನಿಂತಿರುವ ನಾವು. ಎರಡಕ್ಕೂ ಒಂದೇ ದಿನ ಸಹಿ ಹಾಕಿದಿರೋ, ನಡುವೆ ಊಟದ ವಿರಾಮ ಇತ್ತೋ, ತಿಳಿಯುವ ಕುತೂಹಲ ನನಗಿದೆ.

ಈಜುವವರ ಮೈಯಲ್ಲಿ ತಮಗೆ ಪರಿಚಯವಿರುವುದು ಪದಕ ತೂಗುಹಾಕುವ ಕುತ್ತಿಗೆಯೊಂದೇ ಎಂದು ನನ್ನ ಅನುಮಾನ. ಉಳಿದದ್ದನ್ನು ನಾನು ಹೇಳುತ್ತೇನೆ. ನಮ್ಮ ಭುಜಗಳು ಎಷ್ಟು ಬೆಳೆಯುತ್ತವೆಂದರೆ ಅಂಗಿಗಳೆಲ್ಲ ಕಂಕುಳಲ್ಲೇ ಹರಿಯುತ್ತವೆ. ವಿಡಿಯೋ ಕಾಲ್‌ನಲ್ಲಿ ನನ್ನ ಅಜ್ಜಿ, "ಏನೇ, ತಾತನ ಕೋಟು ಹಾಕ್ಕೊಂಡಿದೀಯಾ?" ಎಂದು ಕೇಳಿದಳು. "ಇಲ್ಲ ಅಜ್ಜಿ, ಅದು ನಾನೇ," ಎಂದೆ. ನಮ್ಮ ಕೂದಲು ಪೊರಕೆಯಾಗುತ್ತದೆ. ಮೊಣಕಾಲಿನ ಚರ್ಮ ಒಣಗಿ ಬಿಳಿಯ ಪುಡಿ ಉದುರುತ್ತದೆ. ಕಣ್ಣು ಸದಾ ಕೆಂಪು. ಅತ್ತಿದ್ದಾಳೋ ಕುಡಿದಿದ್ದಾಳೋ ಎಂದು ಲೆಕ್ಚರರ್‌ಗಳು ಗೊಂದಲಕ್ಕೆ ಬೀಳುತ್ತಾರೆ. ಎಷ್ಟು ತೊಳೆದರೂ ದಿಂಬಿನಿಂದ ಕ್ಲೋರಿನ್ ವಾಸನೆ ಹೋಗುವುದಿಲ್ಲ. ತೋಳು ಎತ್ತಿದಾಗ ಭುಜದ ಕೀಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತದೆ. ಇದಕ್ಕೆಲ್ಲ ತಮ್ಮನ್ನು ದೂರುವುದಿಲ್ಲ. ನೀರನ್ನು ನಾವೇ ಮೆಚ್ಚಿ ಕಟ್ಟಿಕೊಂಡದ್ದು. ಗಂಡನ ಗೊರಕೆಯನ್ನು ಸಹಿಸಿಕೊಂಡ ಹಾಗೆ ಇವನ್ನೂ ಸಹಿಸಿಕೊಳ್ಳುತ್ತೇವೆ.

ಆದರೆ ಕಿವಿಯ ಕಥೆ ಬೇರೆ. ಕಣ್ಣಿಗೆ ರೆಪ್ಪೆಯಿದೆ, ಮೇಲೆ ಕನ್ನಡಕ ಹಾಕುತ್ತೇವೆ. ಕೂದಲಿಗೆ ಟೋಪಿ. ಬಾಯಿ ಮುಚ್ಚಿಕೊಳ್ಳುವುದನ್ನು ತಮ್ಮಂಥವರು ಕಲಿಸಿಯೇ ಕಲಿಸುತ್ತಾರೆ. ಕಿವಿಗೆ ರೆಪ್ಪೆಯಿಲ್ಲ. ಅದಕ್ಕಿರುವ ಒಂದೇ ಕಾವಲು ಎಲ್ಲರೂ ಅಸಹ್ಯಪಡುವ ಗುಗ್ಗೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರಿನಲ್ಲಿದ್ದರೆ ಅದು ತೊಳೆದುಹೋಗುತ್ತದೆ. ಬಟ್ಟೆ ಒಗೆದ ಬೆರಳುಗಳ ತುದಿ ನೆನೆದು ಸುಕ್ಕಾಗುವ ಹಾಗೆ ಕಿವಿಯ ಕೊಳವೆಯ ಒಳಚರ್ಮವೂ ನೆನೆದು ಮೆತ್ತಗಾಗಿ ಬಿರಿಯುತ್ತದೆ. ಬಿರುಕಿನಲ್ಲಿ ಸೋಂಕು ಮನೆ ಮಾಡುತ್ತದೆ. ಮೊದಲು ಬರೀ ತುರಿಕೆ. ಆಮೇಲೆ ಕಿವಿಯೊಳಗೆ ಹತ್ತಿ ತುರುಕಿದ ಹಾಗೆ ಒಂದು ಬಿಗಿತ. ಆಮೇಲೆ ಅಗಿದರೆ ನೋವು, ದಿಂಬು ತಾಗಿದರೆ ನೋವು, ಕಿವಿಯನ್ನು ಹಿಡಿದು ಎಳೆದರಂತೂ ಕಣ್ಣಲ್ಲಿ ನಕ್ಷತ್ರ. ಈ ಕೊನೆಯ ಲಕ್ಷಣವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಇದು ದೊಡ್ಡ ಕಾಯಿಲೆಯೂ ಅಲ್ಲ. ಈಜುವವರಿಗೆ ನೆಗಡಿಯಷ್ಟೇ ಸಾಮಾನ್ಯ. ಕಿವಿ ಒಣಗಿಸಿಕೊಳ್ಳಲು ಸ್ವಲ್ಪ ಹೊತ್ತು, ಒಂದಿಷ್ಟು ಬಿಸಿಗಾಳಿ, ನೋವು ಬಂದರೆ ನಾಲ್ಕು ತೊಟ್ಟು ಔಷಧಿ, ಹತ್ತು ದಿನ ನೀರಿನಿಂದ ದೂರ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂದಲು ಒಣಗಿಸುವ ಯಂತ್ರವೊಂದಿತ್ತು. ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ಒಣಗಿಸಿಕೊಳ್ಳುತ್ತಿದ್ದರಂತೆ. ವಿದ್ಯುತ್ ಉಳಿತಾಯದ ಹೆಸರಿನಲ್ಲಿ ತಾವು ಅದನ್ನು ಕೀಳಿಸಿದಿರಿ. ಈಗ ಅಲ್ಲಿ ಗೋಡೆಯಿಂದ ಹೊರಬಂದ ಎರಡು ವೈರುಗಳಿವೆ, ಅವುಗಳ ಕೆಳಗೆ 'ಮುಟ್ಟಬೇಡಿ' ಎಂಬ ಚೀಟಿ. ಅಭ್ಯಾಸ ಮುಗಿಯುವುದಕ್ಕೂ ಮೊದಲ ಕ್ಲಾಸಿಗೂ ನಡುವೆ ಟವೆಲ್ ಹಿಂಡುವಷ್ಟು ಸಮಯವೂ ಇಲ್ಲ. ಹಾಗಾಗಿ ನಾವು ಕುಣಿಯುತ್ತೇವೆ. ಇಡೀ ತಂಡ ಕೊಳದ ಅಂಚಿನಲ್ಲಿ ಸಾಲಾಗಿ ನಿಂತು, ತಲೆ ಒಂದು ಕಡೆಗೆ ವಾಲಿಸಿ, ಒಂಟಿಗಾಲಿನಲ್ಲಿ ಕುಪ್ಪಳಿಸುತ್ತೇವೆ. ಆಮೇಲೆ ಕಾಲು ಬದಲಿಸಿ ಇನ್ನೊಂದು ಕಡೆಗೆ. ಕಿವಿಯೊಳಗಿನ ನೀರು ಬಿಸಿಯಾಗಿ ಹೊರಗೆ ಜಾರಿದಾಗ ಆಗುವ ಸುಖ ತಮಗೆ ತಿಳಿದಿರಲಿಕ್ಕಿಲ್ಲ.

ಕಳೆದ ವರ್ಷ ವಿಶ್ವವಿದ್ಯಾಲಯದ ಫೋಟೋಗ್ರಾಫರ್ ಆ ಹೊತ್ತಿಗೆ ಸರಿಯಾಗಿ ಬಂದರಂತೆ. ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ಆ ಚಿತ್ರವಿದೆ. ನಾನು ಈ ವಿಶ್ವವಿದ್ಯಾಲಯವನ್ನು ಆಯ್ದುಕೊಂಡದ್ದೇ ಅದನ್ನು ನೋಡಿ. ಹನ್ನೆರಡು ಹುಡುಗಿಯರು ಒಂಟಿಗಾಲಲ್ಲಿ ಗಾಳಿಯಲ್ಲಿ. ಕೆಳಗೆ ತಾವು ಬರೆಸಿದ ಸಾಲು, 'ಗೆಲುವಿನ ಸಂಭ್ರಮ'. ನಡುವೆ ಹಲ್ಲು ಕಿರಿದಿರುವವಳು ದೋಣಿ ಅಕ್ಕ. ಅದು ನಗುವಲ್ಲ, ಸ್ವಾಮಿ. ಆಗಲೇ ಅವಳ ಎಡಗಿವಿ ಕಾಡಲು ಶುರುಮಾಡಿತ್ತು. ಒಂದೇ ರೂಮಿಗೆ ಬಂದ ಮೊದಲ ವಾರ ನಾನು ಆ ಪುಸ್ತಿಕೆ ತೋರಿಸಿ, "ಅಕ್ಕ, ಎಷ್ಟು ಖುಷಿಯಾಗಿದೀರಾ ಇದರಲ್ಲಿ," ಎಂದೆ. ಅವಳು ಪುಸ್ತಿಕೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಹೂಂ ಕಣೇ. ಈ ಕಡೆಯಿಂದ ನೋಡಿದ್ರೆ ಇನ್ನೂ ಖುಷಿಯಾಗಿದೀನಿ," ಎಂದಳು.

ಈಗ ಕಿವಿ ಎಳೆಯುವ ವಿಷಯಕ್ಕೆ ಬರುತ್ತೇನೆ. ನಮ್ಮ ಕೋಚ್ ಅವರನ್ನು ನಾವು ಸೀಟಿ ಸಾರ್ ಅನ್ನುತ್ತೇವೆ, ಮಲಗುವಾಗಲೂ ಕೊರಳಲ್ಲಿ ಸೀಟಿ ಇರುತ್ತದೆಂದು ನಮ್ಮ ನಂಬಿಕೆ. ತಮ್ಮ ಎಡಗಡೆಯ ನೋಟಿಸನ್ನು ಜಾರಿಗೆ ತರುವ ಕೆಲಸ ಅವರದು. ಕಿವಿಯೊಳಗೆ ನೋಡುವ ಉಪಕರಣ ಕೊಡಿ ಎಂದು ಅವರು ಕೇಳಿದ್ದರಂತೆ, ತಾವು ಕೊಡಲಿಲ್ಲ. ಹಾಗಾಗಿ ಅವರು ತಮಗೆ ಈಜು ಹೇಳಿಕೊಟ್ಟವರಿಂದ ಕಲಿತ ಹಳೆಯ ಉಪಾಯವನ್ನೇ ಬಳಸುತ್ತಾರೆ. ಪ್ರತಿ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎರಡೂ ಕಿವಿಗಳನ್ನು ಹಿಡಿದು ಮೇಲಕ್ಕೆ, ಹಿಂದಕ್ಕೆ ಒಮ್ಮೆ ಎಳೆಯುತ್ತಾರೆ. ಮುಖ ಕಿವುಚಿದವಳು ಹೊರಗೆ. "ನಾನು ಕಿವಿ ನೋಡಲ್ಲ, ಮುಖ ನೋಡ್ತೀನಿ," ಎನ್ನುತ್ತಾರೆ. ಹೊರಗೆ ಅಂದರೆ ಗೈರು. ಗೈರು ಅಂದರೆ ಬಲಗಡೆಯ ನೋಟಿಸು.

ಹೀಗಿರುವಾಗ ನಾವು ಕಲಿತದ್ದೇನು? ಕಿವಿ ಕಾಪಾಡಿಕೊಳ್ಳುವುದನ್ನಲ್ಲ, ಮುಖ ಕಾಪಾಡಿಕೊಳ್ಳುವುದನ್ನು. ಹಾಸ್ಟೆಲ್ಲಿನಲ್ಲಿ ಇದಕ್ಕೊಂದು ತರಬೇತಿಯಿದೆ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಕಲಿಸುತ್ತಾರೆ, ಅವರಿಗೆ ಅವರ ಸೀನಿಯರ್‌ಗಳು ಕಲಿಸಿದ್ದು. ಒಬ್ಬಳು ಮಂಚದ ಮೇಲೆ ಕೂರಬೇಕು. ಇನ್ನೊಬ್ಬಳು ಹಿಂದಿನಿಂದ ಬಂದು, ಹೇಳದೆ ಕೇಳದೆ, ನೋಯುವ ಕಿವಿಯನ್ನೇ ಎಳೆಯಬೇಕು. ಕೂತವಳು ಮಾತಾಡುತ್ತಿದ್ದ ವಾಕ್ಯವನ್ನು ನಿಲ್ಲಿಸಕೂಡದು. ನನಗೆ ಕಲಿಸಿದವಳು ದೋಣಿ ಅಕ್ಕ. "ನಾಲಿಗೆ ತುದೀನ ಮೇಲಿನ ಹಲ್ಲಿಗೆ ಒತ್ತು. ಉಸಿರು ಬಿಡ್ತಾ ಇರು. ಕಣ್ಣು ಮಾತ್ರ ಮುಚ್ಚಬೇಡ, ಸೀಟಿ ಸಾರ್ ಮೊದಲು ಕಣ್ಣೇ ನೋಡೋದು," ಎಂದು ಹೇಳಿಕೊಟ್ಟಳು. ಅವಳ ಸರದಿ ಬಂದಾಗ ನಾನು ಎಳೆದೆ. ಅವಳು ಮೆಸ್ಸಿನ ಸಾರಿನ ಬಗ್ಗೆ ಮಾತಾಡುತ್ತಿದ್ದಳು. "ಅದು ಸಾರಲ್ಲ ಕಣೇ, ಪಾತ್ರೆ ತೊಳೆದ ನೀರಿಗೆ ಸಮಾಧಾನ ಹೇಳಿ ಕಳಿಸಿರೋದು," ಎಂದಳು. ಒಂದು ಅಕ್ಷರವೂ ಅಲುಗಲಿಲ್ಲ. ನನ್ನ ಬೆರಳಿಗೆ ಮಾತ್ರ ಅವಳ ಕಿವಿಯ ಹಿಂಭಾಗ ಕಾದ ತವೆಯಂತೆ ತಾಗಿತು.

ಅಷ್ಟಾದ ಮೇಲೂ ಅವಳು ಡಾಕ್ಟರ ಹತ್ತಿರ ಹೋದಳು. ದಯವಿಟ್ಟು ಈ ವಾಕ್ಯವನ್ನು ಎರಡು ಸಲ ಓದಿ, ಏಕೆಂದರೆ ತಮ್ಮ ಆದೇಶದಲ್ಲಿ ಅವಳು 'ರೋಗವನ್ನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಳು' ಎಂದಿದೆ. ಅವಳು ಹೋದಳು, ಜೊತೆಗೆ ನಾನೂ ಹೋದೆ. ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಉದ್ದ ಬೆಂಚು, ಬೆಂಚಿನ ತುಂಬ ಜ್ವರದವರು. ಕಿವಿಯೊಳಗೆ ನೋಡುವ ದೀಪದ ಉಪಕರಣವನ್ನು ಡಾಕ್ಟರು ಎತ್ತಿಕೊಂಡರು, ಗುಂಡಿ ಒತ್ತಿದರು, ಅಲ್ಲಾಡಿಸಿದರು, ಮತ್ತೆ ಮೇಜಿನ ಮೇಲಿಟ್ಟರು. "ಬ್ಯಾಟರಿ ಕೇಳಿ ಕೇಳಿ ಸಾಕಾಯ್ತು," ಎಂದು ನರ್ಸ್ ಕಡೆಗೆ ಹೇಳಿದರು. ಆಮೇಲೆ ಅವರೂ ಕಿವಿಯನ್ನೇ ಹಿಡಿದು ಎಳೆದರು. ಎಳೆದು ಮುಖ ನೋಡಿದರು.

ದೋಣಿ ಅಕ್ಕನ ಮುಖ ಗೋಡೆಯ ಹಾಗಿತ್ತು.

ಮೂರು ವರ್ಷದ ಅಭ್ಯಾಸ, ಸ್ವಾಮಿ. ಎಳೆದ ಕ್ಷಣಕ್ಕೆ ನಾಲಿಗೆ ತಾನಾಗಿ ಹಲ್ಲಿಗೆ ಹೋಯಿತು, ಉಸಿರು ತಾನಾಗಿ ನಿಧಾನವಾಯಿತು. ನೋವು ಹೇಳಿಕೊಳ್ಳಲೆಂದೇ ಬಂದವಳು ನೋವು ತೋರಿಸಲಾರದೆ ಕೂತಳು. "ನೋವಿದ್ರೆ ಇಷ್ಟು ಹೊತ್ತಿಗೆ ನೀನು ನನ್ನ ಕೈ ಕಚ್ಚಿರ್ತಿದ್ದೆ. ಏನಿಲ್ಲ, ಗುಗ್ಗೆ ಕಟ್ಟಿದೆ ಅಷ್ಟೆ," ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ಅವಳು, "ಇಲ್ಲ ಸಾರ್, ರಾತ್ರಿ ಹೊತ್ತು..." ಎನ್ನುವಷ್ಟರಲ್ಲಿ ಮುಂದಿನ ಜ್ವರದವನು ಸ್ಟೂಲಿನ ಮೇಲೆ ಅರ್ಧ ಕೂತಿದ್ದ. ಹೊರಗೆ ಬಂದ ಮೇಲೆ ನಾನು ರೇಗಿದೆ. "ಅಯ್ಯೋ ಅಂತ ಒಂದ್ಸಲ ಅನ್ನೋಕೆ ಏನಾಗಿತ್ತು ಅಕ್ಕ?" ಅವಳು ಮೆಟ್ಟಿಲ ಮೇಲೆ ಕೂತು, "ಬರಲಿಲ್ಲ ಕಣೇ. ನೋವು ಮುಖದ ತನಕ ಬರೋ ದಾರೀನೇ ಮರೆತುಬಿಟ್ಟಿದೆ," ಎಂದಳು. ಮತ್ತೆ, "ಡಾಕ್ಟ್ರೇ ಏನಿಲ್ಲ ಅಂದ್ರಲ್ಲ, ಬಿಡು," ಎಂದಳು. ಮರುದಿನ ಸಾಲಿನಲ್ಲಿ ನಿಂತಳು.

ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯ ಹಿಂದಿನ ವಾರ ಅವಳಿಗೆ ನೆಗಡಿಯೂ ಆಯಿತು. ಎಡಗಡೆ ಮಲಗಲಾರಳು, ಅಗಿಯಲಾರಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಸ್ಪರ್ಧೆಯ ದಿನ ಬೆಳಿಗ್ಗೆ ಎದ್ದಾಗ ಮಾತ್ರ ಅವಳ ಮುಖ ಅರಳಿತ್ತು. ದಿಂಬಿನ ಮೇಲೆ ಅಂಗೈಯಗಲ ಹಳದಿ ಕಲೆ. "ಒಡೀತು ಕಣೇ. ಹುಣ್ಣು ಒಡೆದ ಹಾಗೆ ಒಡೆದು ಹೋಯ್ತು. ಈಗ ನೋವೇ ಇಲ್ಲ, ನೋಡು ಬೇಕಾದ್ರೆ," ಎಂದು ತಾನೇ ಕಿವಿ ಎಳೆದುಕೊಂಡು ನಕ್ಕಳು. ನಾನೂ ನಕ್ಕೆ. ದಿಂಬಿನ ಕವರ್ ತೆಗೆದು ಬಕೆಟ್ಟಿಗೆ ಹಾಕಿದೆ. ಒಡೆದದ್ದು ಹುಣ್ಣಲ್ಲ, ಕಿವಿಯ ಪೊರೆ ಎಂದು ನಮಗಿಬ್ಬರಿಗೂ ಹೇಗೆ ಗೊತ್ತಾಗಬೇಕು? ಹೇಳಬೇಕಾದವರ ದೀಪಕ್ಕೆ ಬ್ಯಾಟರಿ ಇರಲಿಲ್ಲ.

ಆ ಮಧ್ಯಾಹ್ನ ತಾವೂ ಅಲ್ಲಿದ್ದಿರಿ. ಮುಂದಿನ ಸಾಲಿನ ಮೆತ್ತನೆಯ ಕುರ್ಚಿ, ಎದೆಯ ಮೇಲೆ ಬ್ಯಾಜು. ಕೊಳದ ನೀರು ಎಂದಿನಂತೆ ಅಕ್ಕಿ ತೊಳೆದ ನೀರಿನ ಬಣ್ಣ. ಫಿಲ್ಟರ್ ಕೆಟ್ಟು ಎಷ್ಟು ದಿನವಾಗಿತ್ತೆಂದು ತಮಗೇ ಗೊತ್ತು. ಈಜುವವರಿಗೆ ದಿಕ್ಕು ತೋರಿಸಲು ತಳದಲ್ಲಿ ಎಳೆದಿರುವ ಕಪ್ಪು ಗೆರೆ ನಮಗೆ ಕಾಣುವುದು ಬಿಟ್ಟು ಬಹಳ ಕಾಲವಾಗಿತ್ತು. ರಿಲೇಯ ಕೊನೆಯ ಸರದಿ ದೋಣಿ ಅಕ್ಕನದು. ಹಾರಿದಳು. ನೀರಿನ ಕೆಳಗೆ ಎಲ್ಲರಿಗಿಂತ ಹೆಚ್ಚು ದೂರ ಹೋಗುವುದು ಅವಳ ವಿಶೇಷ, ಅದಕ್ಕೇ ಆ ಹೆಸರು ತಪ್ಪು, ಮುಳುಗುದೋಣಿ ಅನ್ನಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಪಕ್ಕದ ಲೇನುಗಳಲ್ಲಿ ಹಾರಿದವರೆಲ್ಲ ನೀರಿನಿಂದ ತಲೆ ಎತ್ತಿದರು, ಅವಳು ಎತ್ತಲಿಲ್ಲ. ಜನಕ್ಕೆ ಅದೇ ಬೇಕಿತ್ತು, ಚಪ್ಪಾಳೆ ಶುರುವಾಯಿತು. ಹೊತ್ತು ಹೋದಷ್ಟೂ ಚಪ್ಪಾಳೆ ಜೋರಾಯಿತು. ತಾವೂ ತಟ್ಟುತ್ತಿದ್ದಿರಿ, ಪಕ್ಕದವರ ಕಡೆ ಬಾಗಿ ಏನೋ ಹೇಳಿ ನಗುತ್ತಿದ್ದಿರಿ. ತಮ್ಮನ್ನು ಆಡಿಕೊಳ್ಳಲು ಹೇಳುತ್ತಿಲ್ಲ, ನಾನೂ ತಟ್ಟುತ್ತಿದ್ದೆ. ಮೊದಲು ನಿಲ್ಲಿಸಿದವರು ಸೀಟಿ ಸಾರ್. ಅವರು ಶೂ ಹಾಕಿಕೊಂಡೇ ಹಾರಿದರು. ಮೊದಲ ಸಲ ಬರಿಗೈಲಿ ಮೇಲೆ ಬಂದರು. ಆ ನೀರಿನಲ್ಲಿ ಅವರಿಗೂ ಏನೂ ಕಾಣಲಿಲ್ಲ. ಎರಡನೆಯ ಸಲ ತಳವನ್ನೆಲ್ಲ ತಡಕಿ ಅವಳನ್ನು ಎತ್ತಿಕೊಂಡು ಬಂದರು.

ತೂತಾದ ಪೊರೆಯಿಂದ ತಣ್ಣೀರು ಒಳಗೆ ನುಗ್ಗಿದರೆ ದೇಹದ ಸಮತೋಲನ ಕಾಯುವ ಅಂಗ ದಿಕ್ಕು ತಪ್ಪುತ್ತದಂತೆ. ದೊಡ್ಡ ಆಸ್ಪತ್ರೆಯ ಕಿವಿ ಡಾಕ್ಟರು ಚಿತ್ರ ಬರೆದು ತೋರಿಸಿದರು. ದೋಣಿ ಅಕ್ಕ ಚಿತ್ರವಿಲ್ಲದೆಯೇ ಹೇಳಿದಳು. "ಕೊಳವೇ ಗಿರ್ರನೆ ತಿರುಗ್ತು. ಬೆಳಕು ಎಲ್ಲಿ ಅಂತ ನೋಡಿದೆ, ಎಲ್ಲಾ ಕಡೆನೂ ಒಂದೇ ಬಿಳುಪು. ಮೇಲಕ್ಕೆ ಹೋಗ್ತಿದೀನಿ ಅಂತಾನೇ ಕೈ ಬೀಸಿದೆ ಕಣೇ, ಜೋರಾಗಿ ಬೀಸಿದೆ. ಕೈಗೆ ಟೈಲ್ಸ್ ಸಿಕ್ತು. ಗೆದ್ದೆ ಅಂದ್ಕೊಂಡೆ, ಗೋಡೆ ಮುಟ್ಟಿದೆ ಅಂತ." ಅದು ತಳವಾಗಿತ್ತು. ನಮ್ಮ ವಿಶ್ವವಿದ್ಯಾಲಯದ ಅತ್ಯಂತ ಒಳ್ಳೆಯ ಈಜುಗಾರ್ತಿ ತನ್ನ ಪೂರ್ತಿ ಶಕ್ತಿ ಹಾಕಿ ಕೊಳದ ತಳದ ಕಡೆಗೆ ಈಜಿದಳು, ನಾವು ಚಪ್ಪಾಳೆ ತಟ್ಟಿದೆವು.

ಅವಳು ಬದುಕಿದ್ದಾಳೆ. ಎದೆಗೆ ಹೋದ ನೀರು ಆಸ್ಪತ್ರೆಯಲ್ಲಿ ಹೋಯಿತು. ಕಿವಿಯ ಬಗ್ಗೆ ಕಿವಿ ಡಾಕ್ಟರು, ಮಾತು ಕಡಿಮೆ ಆಡುವ ಹೆಂಗಸು, ಹೀಗೆಂದರು: "ಪೊರೆ ಬೇಕಾದ್ರೆ ಸರಿಮಾಡಬಹುದು. ಸೋಂಕು ಒಳಕಿವಿಗೆ ಇಳಿದುಬಿಟ್ಟಿದೆ, ಅಲ್ಲಿ ಹೋಗಿದ್ದು ವಾಪಸ್ ಬರಲ್ಲ. ಮೊದಲೇ ತೋರಿಸಿದ್ರೆ ನಾಲ್ಕು ತೊಟ್ಟು ಔಷಧಿ ಸಾಕಾಗ್ತಿತ್ತಲ್ಲಮ್ಮಾ." ತೋರಿಸಿದ್ದೆವು, ಸ್ವಾಮಿ. ನನ್ನ ಅಜ್ಜಿಗೆ ಎಪ್ಪತ್ತು ದಾಟಿದೆ, ಯಾರಾದರೂ ಕರೆದರೆ ಒಳ್ಳೆಯ ಕಿವಿಯನ್ನು ಅವರ ಕಡೆಗೆ ತಿರುಗಿಸುತ್ತಾಳೆ. ಈಗ ದೋಣಿ ಅಕ್ಕನೂ ಹಾಗೇ ತಿರುಗಿಸುತ್ತಾಳೆ. ರೂಮಿನಲ್ಲಿ ನಮ್ಮ ಮಂಚಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ, ನಾನು ಅವಳ ಬಲಗಡೆಗೆ ಬರಲೆಂದು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಟವೆಲ್ ಒಣಗಿಸುವ ಹಗ್ಗದ ಮೇಲೆ ಅವಳ ಈಜುಡುಗೆ ಇನ್ನೂ ನೇತಾಡುತ್ತಿದೆ. ತೆಗೆಯೋಣವೇ ಎಂದು ನಾನು ಕೇಳಿಲ್ಲ.

ಇಷ್ಟಾದ ಮೇಲೆ ವಿಚಾರಣೆ. ತಮ್ಮ ಕೋಣೆಯಲ್ಲಿ ನಡೆಯಿತು, ಅವಳನ್ನು ಕೈ ಹಿಡಿದು ಕರೆತಂದವಳಾದ್ದರಿಂದ ಬಾಗಿಲ ಬಳಿ ನಿಲ್ಲಲು ನನಗೆ ಅಪ್ಪಣೆಯಾಯಿತು. ತಾವು ಮೇಜಿನ ತುದಿಯಲ್ಲಿ, ಅವಳ ಎಡಗಡೆಗೆ ಕುಳಿತಿದ್ದಿರಿ. ಮೇಲೆ ಫ್ಯಾನ್ ಗರಗರ ತಿರುಗುತ್ತಿತ್ತು. ತಾವು ಕಾಗದ ನೋಡಿಕೊಂಡೇ, ತಲೆ ಎತ್ತದೆ, ಮೆಲ್ಲಗೆ ಪ್ರಶ್ನೆಗಳನ್ನು ಓದಿದಿರಿ. ಕಿವಿ ನೋವಿನ ಬಗ್ಗೆ ಯಾಕೆ ತಿಳಿಸಲಿಲ್ಲ? ನೋಟಿಸು ಓದಿರಲಿಲ್ಲವೇ? ತಂಡಕ್ಕೆ ಕೆಟ್ಟ ಹೆಸರು ತಂದದ್ದು ಸರಿಯೇ? ಅವಳು ಎದುರಿನ ಗೋಡೆಯನ್ನು ನೋಡುತ್ತ, ಪ್ರಶ್ನೆ ಶುರುವಾಗಲೆಂದು ಕಾಯುತ್ತಿದ್ದಳು. ನಾನು, "ಸಾರ್, ಆ ಕಡೆ ಕೇಳಿಸಲ್ಲ," ಎಂದೆ. "ನಿನ್ನನ್ನು ಕೇಳಿದ್ನಾ?" ಎಂದಿರಿ. ಅದನ್ನು ಮಾತ್ರ ಸಾಕಷ್ಟು ಜೋರಾಗಿ ಹೇಳಿದಿರಿ, ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. ಮೂರು ದಿನದ ಮೇಲೆ ಆದೇಶ ಬಂತು. 'ವಿದ್ಯಾರ್ಥಿನಿ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲವಾದ್ದರಿಂದ ಆರೋಪಗಳನ್ನು ಒಪ್ಪಿಕೊಂಡಂತೆ ಪರಿಗಣಿಸಿ...' ಎಡಗಿವಿ ಕೇಳದವಳನ್ನು ಎಡಗಡೆ ಕೂತು ಕೇಳಿ, ಉತ್ತರ ಬರಲಿಲ್ಲವೆಂದು ಶಿಕ್ಷೆ ಬರೆಯುವ ಜಾಣತನ ಎಲ್ಲ ಕಚೇರಿಗಳಿಗೂ ಒಲಿಯುವುದಿಲ್ಲ. ಆ ಕೋಣೆಯಲ್ಲಿ ಕಿವುಡು ಇದ್ದದ್ದು ನಿಜ. ಒಂದು ಸೋಂಕಿನಿಂದ ಬಂದದ್ದು, ಇನ್ನೊಂದು ಜಾಣ ಕಿವುಡು. ಮೊದಲನೆಯದಕ್ಕಾದರೂ ಡಾಕ್ಟರುಗಳಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರೆ. ಇಲ್ಲಿ ಎಮ್ಮೆಯೂ ಬೇಕಾಗಲಿಲ್ಲ, ಜ್ವರ ಬಂದ ಎತ್ತಿಗೇ ಬರೆ ಎಳೆದಿರಿ. ಅವಳು ನೋವು ಮುಚ್ಚಿಟ್ಟಳೇ? ಹೌದು, ಮುಚ್ಚಿಟ್ಟಳು. ನಾವೆಲ್ಲ ಮುಚ್ಚಿಡುತ್ತೇವೆ. ಮುಚ್ಚಿಡುವುದನ್ನು ಕಲಿಸುವ ಶಾಲೆ ಯಾವುದು, ಅದರ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಯಾರ ಸಹಿಯಿದೆ ಎಂಬುದನ್ನು ಯಾವ ವಿಚಾರಣೆಯೂ ಕೇಳಲಿಲ್ಲ. ಸೀಟಿ ಸಾರ್ ಅವರ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲವೆಂದೂ ಕೇಳಿದೆ. ಶೂ ಹಾಕಿಕೊಂಡು ನೀರಿಗೆ ಹಾರಿದ್ದು ನಿಯಮದ ಉಲ್ಲಂಘನೆಯೇ ಇರಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ದೋಣಿ ಅಕ್ಕನ ಸೀಟು ರದ್ದು ಮಾಡಿದ ಆದೇಶ ಹಿಂತೆಗೆದುಕೊಳ್ಳಿ, ಪರೀಕ್ಷೆ ಮುಗಿಯುವವರೆಗೆ ಅವಳು ಆ ರೂಮಿನಲ್ಲಿರಲಿ. ವಿಚಾರಣೆ ಮತ್ತೆ ಮಾಡುವುದಿದ್ದರೆ ಮಾಡಿ, ಅವಳ ಬಲಗಡೆ ಕುಳಿತು ಮಾಡಿ. ಬಲಗಡೆಯ ನೋಟಿಸಿನಲ್ಲಿ 'ಯಾವುದೇ ಕಾರಣಕ್ಕೆ' ಎಂಬುದರ ಮುಂದೆ 'ಅನಾರೋಗ್ಯದ ಹೊರತು' ಎಂದು ಸೇರಿಸಿ, ಅದರ ಕೆಳಗೂ ಒಂದು ದಪ್ಪ ಗೆರೆ ಎಳೆಯಿರಿ. ಗೋಡೆಯ ವೈರುಗಳಿಗೆ ಆ ಯಂತ್ರವನ್ನು ಮತ್ತೆ ಜೋಡಿಸಿ, ಫಿಲ್ಟರ್ ರಿಪೇರಿ ಮಾಡಿಸಿ, ಡಾಕ್ಟರ ದೀಪಕ್ಕೆ ಬ್ಯಾಟರಿ ಕೊಡಿಸಿ. ಪ್ರವೇಶ ಪುಸ್ತಿಕೆಯ ಮುಖಪುಟದ ಆ ಚಿತ್ರ ಬದಲಿಸಿ. ಅಥವಾ ಚಿತ್ರ ಹಾಗೇ ಇರಲಿ, ಕೆಳಗಿನ ಸಾಲು ಬದಲಿಸಿ.

ಇನ್ನೊಂದು ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿದೆ, ಅಮ್ಮನಿಗೂ ಹೇಳಿಲ್ಲ. ಕಳೆದ ವಾರದಿಂದ ನನ್ನ ಬಲಗಿವಿ ತುರಿಸುತ್ತಿತ್ತು. ಮೊನ್ನೆಯಿಂದ ಬಿಗಿತ. ಇವತ್ತು ಊಟ ಮಾಡುವಾಗ ಅಗಿಯಲು ಆಗಲಿಲ್ಲ. ನಾಳೆ ಬೆಳಿಗ್ಗೆ ಹೊಸ ಕೋಚ್ ಬರುತ್ತಾರಂತೆ, ಅವರೂ ಸಾಲಿನಲ್ಲಿ ನಿಲ್ಲಿಸಿ ಕಿವಿ ಎಳೆಯುತ್ತಾರಂತೆ. ದೋಣಿ ಅಕ್ಕ ನನ್ನನ್ನು ಮಂಚದ ಮೇಲೆ ಕೂರಿಸಿ ಈಗ ಬೇರೆ ಪಾಠ ಹೇಳಿಕೊಡುತ್ತಿದ್ದಾಳೆ. ಕಿವಿ ಎಳೆದು, "ನೋವಾದ್ರೆ ಅಯ್ಯೋ ಅನ್ನು," ಎನ್ನುತ್ತಾಳೆ. ನನಗೆ ಬರುತ್ತಿಲ್ಲ. "ಇನ್ನೊಂದ್ಸಲ. ಹಲ್ಲಿಂದ ನಾಲಿಗೆ ತೆಗಿ. ಅನ್ನೇ, ಅಯ್ಯೋ ಅನ್ನು," ಎನ್ನುತ್ತಾಳೆ. ಮುಖದ ತನಕ ಬರುವ ದಾರಿ ನನ್ನ ನೋವೂ ಮರೆಯುವ ಮೊದಲು ಅದನ್ನು ಇಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ಬರೆದುಬಿಡುತ್ತಿದ್ದೇನೆ: ನನ್ನ ಬಲಗಿವಿ ನೋಯುತ್ತಿದೆ. ನಾನು ಮುಚ್ಚಿಟ್ಟೆನೆಂದು ಇನ್ನು ತಾವು ಬರೆಯುವಂತಿಲ್ಲ.

ಎಡಗಡೆಯ ನೋಟಿಸಿನ ಪ್ರಕಾರ ನಾನು ನಾಳೆ ನೀರಿಗೆ ಇಳಿಯಬಾರದು. ಬಲಗಡೆಯ ನೋಟಿಸಿನ ಪ್ರಕಾರ ಇಳಿಯದೆ ವಾರ ಕಳೆದರೆ ನನ್ನ ಸೀಟು ಇರುವುದಿಲ್ಲ. ಯಾವುದನ್ನು ಪಾಲಿಸಲಿ ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು. ವಾರ ಮುಗಿಯುವ ಮೊದಲು, ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ಸದ್ಯಕ್ಕೆ ಎರಡೂ ಕಿವಿ ಕೇಳಿಸುವ,
ದೋಣಿ ಅಕ್ಕನ ಬಲಗಡೆಯ ಮಂಚದವಳು